ಕುದುರೆ ಮಸಾಲೆ: ಯಾವ ದಿನ ಕೊಯ್ಯಬೇಕು?

ಧಾರವಾಡದ ಹೊರವಲಯದ ಒಂದು ಹೊಲ. ಕೊಳವೆಬಾವಿಯ ಪಕ್ಕದಲ್ಲಿ ನಾಲ್ಕು ಗುಂಟೆ ಕುದುರೆ ಮಸಾಲೆ, ಕೊಟ್ಟಿಗೆಯಲ್ಲಿ ಮೂರು ಎಮ್ಮೆ. ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಹೂ ಕಾಣಿಸಿಕೊಂಡಿತ್ತು. ಯಜಮಾನರು ಹೇಳಿದರು: "ಇನ್ನೂ ಎಂಟ ದಿನಾ ಬಿಡು, ಹೂ ತುಂಬ್ಲಿ. ಪೆಂಡಿ ಒಜ್ಜಿ ಆಗತೈತಿ." ಹಾಲು ಹಿಂಡುವ ಮನೆಯಾಕೆಯ ಉತ್ತರ: "ಒಜ್ಜಿ ಆಗಿ ಏನ ಮಾಡೂದೈತ್ರಿ? ಎಮ್ಮಿ ಎಲಿ ಅಷ್ಟ ತಿಂದು ದಂಟ ಗ್ವಾದಲ್ಯಾಗ ಬಿಡತೈತಿ. ಹಾಲೂ ಇಳೀತೈತಿ."

ಈ ಮಾತುಕತೆ ಕೇಳಿದಾಗ ನನಗೆ ಅನಿಸಿದ್ದು, ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು. ಒಬ್ಬರು ತೂಕವನ್ನು ನೋಡುತ್ತಿದ್ದರು, ಇನ್ನೊಬ್ಬರು ಗುಣವನ್ನು. ಆದರೆ ಈ ವ್ಯವಹಾರದಲ್ಲಿ ಮೂರನೆಯ ಪಾಲುದಾರನೊಬ್ಬನಿದ್ದಾನೆ. ಅವನು ನೆಲದೊಳಗೆ ಇರುವುದರಿಂದ ಅವನ ಮಾತು ಯಾರಿಗೂ ಕೇಳಿಸುವುದಿಲ್ಲ. ಆತನೇ ಬೇರು. ಕೊಯ್ಲಿನ ದಿನ ಎಂಬುದು ಈ ಮೂವರ ನಡುವೆ ಆಗಬೇಕಾದ ಒಪ್ಪಂದ.

ಕುದುರೆಯ ಹೆಸರಿನ ಮೇವು

ಕುದುರೆ ಮಸಾಲೆಗೆ ಲೂಸರ್ನ್, ಆಲ್ಫಾಲ್ಫಾ ಎಂಬ ಹೆಸರುಗಳೂ ಇವೆ. ಸಸ್ಯಶಾಸ್ತ್ರೀಯ ಹೆಸರು ಮೆಡಿಕಾಗೋ ಸಟೈವಾ. ಮೆಂತೆ, ಕಡಲೆ, ಹೆಸರುಗಳ ಕುಟುಂಬಕ್ಕೆ ಸೇರಿದ ದ್ವಿದಳ ಸಸ್ಯ. ಮೂರು ಮೂರು ಎಲೆಗಳ ಗುಂಪನ್ನು ನೋಡಿದರೆ ಮೆಂತೆಯ ನೆನಪಾಗದೆ ಇರದು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಗಿಡದಲ್ಲಿ ಪ್ರೋಟೀನು ಹೇರಳ. ಆಲ್ಫಾಲ್ಫಾ ಎಂಬ ಹೆಸರು ಅರಬ್ಬಿಯ ಮೂಲಕ ಬಂದದ್ದು. ಅದರ ಹಿಂದೆ 'ಕುದುರೆಯ ಮೇವು' ಎಂಬ ಅರ್ಥದ ಹಳೆಯ ಪಾರಸಿ ಪದವಿದೆ ಎಂದು ಹೇಳುತ್ತಾರೆ. ನಮ್ಮ ಹೆಸರಿನಲ್ಲೂ ಅದೇ ಕುದುರೆ ಉಳಿದುಕೊಂಡಿದೆ.

ಹುಬ್ಬಳ್ಳಿ-ಧಾರವಾಡದ ಸುತ್ತ ಇದು ದೊಡ್ಡ ವಿಸ್ತೀರ್ಣದ ಬೆಳೆಯಲ್ಲ. ನೀರಾವರಿ ಇರುವ ಕಡೆ, ಹೈನಕ್ಕಾಗಿ ಗುಂಟೆ ಲೆಕ್ಕದಲ್ಲಿ ಹಾಕುವ ಬೆಳೆ. ಪೂರ್ವಕ್ಕೆ ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕಡೆಯ ಎರೆ ಭೂಮಿಯಲ್ಲಿ ನೀರು ನಿಂತರೆ ಇದರ ಬೇರು ಕೊಳೆಯುತ್ತದೆ. ಬಸಿದು ಹೋಗುವ ವ್ಯವಸ್ಥೆ ಇದ್ದರೆ ಮಾತ್ರ ಚೆನ್ನಾಗಿ ಬರುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತನೆ, ಬಿತ್ತಿದ ಸುಮಾರು ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ 25-30 ದಿನಗಳಿಗೊಮ್ಮೆ ಮುಂದಿನ ಕೊಯ್ಲುಗಳು. ರಾಹುರಿಯ ಕೃಷಿ ವಿದ್ಯಾಪೀಠದಿಂದ ಬಂದ ಆರ್‌ಎಲ್-88ರಂಥ ಬಹುವಾರ್ಷಿಕ ತಳಿಯಾದರೆ ಅದೇ ಬುಡದಿಂದ ಮೂರು-ನಾಲ್ಕು ವರ್ಷ ಮೇವು ಪಡೆಯಬಹುದು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ. ಕೃಷಿ ವಿಶ್ವವಿದ್ಯಾನಿಲಯವೂ ಇಲ್ಲೇ ಇದೆ. ಪೇಢೆಯ ಊರಿನಲ್ಲಿ ಹಾಲಿನ ವಿಚಾರ ಸಣ್ಣದಲ್ಲ. ಈ ಭಾಗದ 'ಧಾರವಾಡಿ ಎಮ್ಮೆ' 2021ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿತು. ಹಿಂಡಿಯ ಬೆಲೆ ಏರಿದಂತೆಲ್ಲ, ಮನೆಯ ಹೊಲದಲ್ಲೇ ಪ್ರೋಟೀನು ಬೆಳೆಯುವ ಈ ಗಿಡದ ಮಹತ್ವವೂ ಏರುತ್ತದೆ.

ಎಲೆ ನಿಲ್ಲುತ್ತದೆ, ದಂಟು ಬೆಳೆಯುತ್ತದೆ

ಕುದುರೆ ಮಸಾಲೆಯ ಗಿಡವನ್ನು ಎರಡು ಬೇರೆ ಬೇರೆ ಮೇವುಗಳ ಮಿಶ್ರಣವೆಂದು ತಿಳಿಯುವುದು ಒಳ್ಳೆಯದು. ಒಂದು ಎಲೆ, ಇನ್ನೊಂದು ದಂಟು. ಎಲೆಯ ಒಣ ಪದಾರ್ಥದಲ್ಲಿ ನಾಲ್ಕನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಪ್ರೋಟೀನು. ಬಲಿತ ದಂಟಿನಲ್ಲಿ ಅದು ಶೇಕಡ 10ರ ಆಸುಪಾಸು. ಇನ್ನೂ ಮುಖ್ಯವಾದದ್ದೆಂದರೆ, ವಯಸ್ಸಾದಂತೆ ಎಲೆಯ ಗುಣ ಅಷ್ಟಾಗಿ ಕೆಡುವುದಿಲ್ಲ, ದಂಟಿನ ಗುಣ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳು ತಿಳಿವಳಿಕೆಗಾಗಿ ಆರಿಸಿಕೊಂಡವು. ಆದರೆ ಇಂಥ ಬೆಳೆಯಲ್ಲಿ ಸಾಮಾನ್ಯವಾಗಿ ಕಾಣುವ ಮಿತಿಯೊಳಗೇ ಇವೆ. ಒಂದು ಗುಂಟೆಯಲ್ಲಿ ಮೊಗ್ಗಿನ ಹಂತದಲ್ಲಿ ಕೊಯ್ದರೆ 20 ಕಿಲೋಗ್ರಾಂ ಒಣ ಪದಾರ್ಥ ಸಿಗುತ್ತದೆ ಎಂದುಕೊಳ್ಳೋಣ. ಹೂ ಶುರುವಾದಾಗ ಅದು 24 ಕಿಲೋ, ಪೂರ್ತಿ ಹೂ ತುಂಬಿದಾಗ 27 ಕಿಲೋ ಆಗುತ್ತದೆ. ಎಲೆಯ ಪಾಲು ಕ್ರಮವಾಗಿ ಶೇಕಡ 55, 48 ಮತ್ತು 40. ಈಗ ಗುಣಿಸಿ ನೋಡಿ: ಎಲೆಯ ತೂಕ 11 ಕಿಲೋ, ಹನ್ನೊಂದೂವರೆ ಕಿಲೋ, ಮತ್ತೆ 11ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಎಲೆ ಬಹುಮಟ್ಟಿಗೆ ಇದ್ದಷ್ಟೇ ಇದೆ. ಮೇಲೆ ಹೊಸ ಎಲೆ ಬಂದರೂ ಕೆಳಗೆ ನೆರಳಿನಲ್ಲಿ ಸಿಕ್ಕ ಹಳೆಯ ಎಲೆ ಹಳದಿಯಾಗಿ ಉದುರುತ್ತದೆ. ಹೆಚ್ಚಾದ 7 ಕಿಲೋ ತೂಕವೆಲ್ಲ ದಂಟು. ಯಜಮಾನರ 'ಒಜ್ಜಿ ಪೆಂಡಿ'ಯಲ್ಲಿ ಹೆಚ್ಚಾಗಿದ್ದು ಇದೇ.

ಪ್ರೋಟೀನಿನ ಲೆಕ್ಕವನ್ನೂ ಮಾಡಬಹುದು. ಇಡೀ ಗಿಡದಲ್ಲಿ ಮೂರು ಹಂತಗಳಿಗೆ ಶೇಕಡ 21, 19, 15 ಎಂದು ಹಿಡಿದರೆ, ಗುಂಟೆಗೆ ಸಿಗುವ ಪ್ರೋಟೀನು 4.2 ಕಿಲೋ, ಸುಮಾರು 4.6 ಕಿಲೋ, ಸುಮಾರು 4 ಕಿಲೋ. ಜೀರ್ಣವಾಗುವ ಭಾಗ ಶೇಕಡ 66, 62, 55 ಆದರೆ, ದನದ ಮೈಗೆ ಹತ್ತುವ ಪದಾರ್ಥ 13.2, 14.9, 14.9 ಕಿಲೋ. ಹೂ ಶುರುವಾದ ಮೇಲೆ ಕಾಯ್ದ ದಿನಗಳಲ್ಲಿ ತೂಕ 3 ಕಿಲೋ ಹೆಚ್ಚಿತು. ದನಕ್ಕೆ ದಕ್ಕಿದ್ದು ಏನೂ ಹೆಚ್ಚಲಿಲ್ಲ, ಪ್ರೋಟೀನು ಇಳಿಯಿತು. ಆ 3 ಕಿಲೋವನ್ನು ಹೊತ್ತು ತರುವ ಕೂಲಿ, ಕತ್ತರಿಸುವ ಶ್ರಮ, ಹಾಯಿಸಿದ ನೀರು ಮಾತ್ರ ಖರ್ಚಾಯಿತು.

ದಂಟಿನೊಳಗೆ ನಡೆಯುವುದೇನು?

ಎಳೆಯ ದಂಟನ್ನು ಉಗುರಿನಿಂದ ಚಿವುಟಬಹುದು. ಬಲಿತದ್ದನ್ನು ಮುರಿದರೆ 'ಲಟಕ್' ಎನ್ನುತ್ತದೆ. ಈ ಬದಲಾವಣೆಯ ಹಿಂದಿರುವ ವಸ್ತು ಲಿಗ್ನಿನ್. ಗಿಡ ಎತ್ತರವಾದಂತೆ ಅದಕ್ಕೆ ಎರಡು ಕೆಲಸ: ಬೀಳದೆ ನಿಲ್ಲಬೇಕು, ಬೇರಿನಿಂದ ನೀರನ್ನು ತುದಿಗೆ ಏರಿಸಬೇಕು. ಇದಕ್ಕಾಗಿ ದಂಟಿನ ನೀರ್ಗೊಳವೆಗಳಾದ ಕ್ಸೈಲಂ ಕೋಶಗಳು ತಮ್ಮ ಗೋಡೆಗಳನ್ನು ದಪ್ಪ ಮಾಡಿಕೊಂಡು, ಸೆಲ್ಯುಲೋಸ್ ಎಳೆಗಳ ನಡುವಿನ ಸಂದುಗಳಿಗೆ ಲಿಗ್ನಿನ್ ತುಂಬಿಕೊಳ್ಳುತ್ತವೆ. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳುಗಳ ನಡುವೆ ಸಿಮೆಂಟು ತುಂಬಿದ ಹಾಗೆ.

ಎಮ್ಮೆ, ಆಕಳುಗಳ ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಇರುತ್ತವೆ. ಸೆಲ್ಯುಲೋಸನ್ನು ಒಡೆಯುವ ಕಿಣ್ವ ದನಕ್ಕಿಲ್ಲ, ಈ ಜೀವಿಗಳಿಗಿದೆ. ಆದರೆ ಲಿಗ್ನಿನ್ನಿನ ಕವಚ ಬಿದ್ದ ಸೆಲ್ಯುಲೋಸನ್ನು ಅವೂ ಮುಟ್ಟಲಾರವು. ರೂಮೆನ್ನಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಲಿಗ್ನಿನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ದ್ವಿದಳ ಮೇವಿನಲ್ಲಿ ಲಿಗ್ನಿನ್ ಬಹುತೇಕ ದಂಟಿನ ಕ್ಸೈಲಂನಲ್ಲೇ ಕೇಂದ್ರೀಕೃತವಾಗಿರುವುದರಿಂದ ಎಲೆಗೆ ಅದರ ಬಾಧೆ ತಟ್ಟುವುದಿಲ್ಲ. ಎಮ್ಮೆ ಎಲೆಯನ್ನು ಆರಿಸಿ ತಿಂದು ದಂಟನ್ನು ಗ್ವಾದಲಿಯಲ್ಲಿ ಬಿಡುವುದು ಹಟದಿಂದಲ್ಲ ಎಂದಾಯಿತು.

ನಾರಿಗೆ ಇನ್ನೊಂದು ಗುಣವಿದೆ, ಅದು ಜಾಗ ಹಿಡಿಯುತ್ತದೆ. ಜೀರ್ಣವಾಗದ ನಾರು ಚೂರಾಗಿ ಮುಂದಕ್ಕೆ ಸಾಗುವವರೆಗೂ ರೂಮೆನ್ ತುಂಬಿಯೇ ಇರುತ್ತದೆ, ದನಕ್ಕೆ ಹಸಿವಾಗುವುದಿಲ್ಲ. ಮೇವಿನ ಕೋಶಭಿತ್ತಿಯ ಶೇಕಡಾಂಶದಿಂದ 120ನ್ನು ಭಾಗಿಸಿದರೆ, ದನ ತನ್ನ ಮೈತೂಕದ ಶೇಕಡ ಎಷ್ಟು ಒಣ ಪದಾರ್ಥ ತಿನ್ನಬಲ್ಲದು ಎಂಬ ಅಂದಾಜು ಸಿಗುತ್ತದೆ. ಕೋಶಭಿತ್ತಿ ಶೇಕಡ 40 ಇರುವ ಮೊಗ್ಗಿನ ಹಂತದ ಮೇವಾದರೆ ಉತ್ತರ 3. ಅಂದರೆ 400 ಕಿಲೋ ತೂಕದ ಎಮ್ಮೆ 12 ಕಿಲೋ ತಿನ್ನಬಲ್ಲದು. ಕೋಶಭಿತ್ತಿ ಶೇಕಡ 50 ಇರುವ ಬಲಿತ ಮೇವಾದರೆ ಉತ್ತರ 2.4, ತಿನ್ನುವುದು 9.6 ಕಿಲೋ. ಹೀಗೆ ತಡವಾದ ಕೊಯ್ಲಿನಿಂದ ಎರಡು ಪೆಟ್ಟು: ತಿನ್ನುವುದೂ ಕಡಿಮೆ, ತಿಂದದ್ದರಲ್ಲಿ ಮೈಗೆ ಹತ್ತುವುದೂ ಕಡಿಮೆ. ಹಾಲು ಇಳಿಯುವುದು ಹೀಗೆ.

ಅಳೆಯುವುದು ಹೇಗೆ?

ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಮೇವಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಸರಾಸರಿ ಶೇಕಡ 16 ಇರುವುದರಿಂದ ಈ ಗುಣಕ (100 ÷ 16 = 6.25). ಹೀಗೆ ಬಂದದ್ದಕ್ಕೆ 'ಕಚ್ಚಾ ಪ್ರೋಟೀನು' ಎನ್ನುವುದು ವಾಡಿಕೆ, ಏಕೆಂದರೆ ಪ್ರೋಟೀನಲ್ಲದ ಸಾರಜನಕವೂ ಈ ಲೆಕ್ಕದಲ್ಲಿ ಸೇರಿಬಿಡುತ್ತದೆ.

ನಾರಿನ ಕಥೆ ಹೆಚ್ಚು ಸ್ವಾರಸ್ಯಕರ. ಜರ್ಮನಿಯ ವೇಂಡೆ ಎಂಬಲ್ಲಿ 1860ರ ದಶಕದಲ್ಲಿ ರೂಪುಗೊಂಡ ಹಳೆಯ ವಿಧಾನದಲ್ಲಿ ಮೇವನ್ನು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ ಉಳಿದದ್ದನ್ನು 'ಕಚ್ಚಾ ನಾರು' ಎನ್ನುತ್ತಿದ್ದರು. ಇದರಲ್ಲೊಂದು ದೋಷ: ಕ್ಷಾರದಲ್ಲಿ ಲಿಗ್ನಿನ್ನಿನ ಒಂದು ಪಾಲು ಕರಗಿ, ಸುಲಭವಾಗಿ ಜೀರ್ಣವಾಗುವ ಪಿಷ್ಟ-ಸಕ್ಕರೆಗಳ ಖಾತೆಗೆ ಜಮೆಯಾಗುತ್ತಿತ್ತು! ಕಳ್ಳನನ್ನು ಸಾಹುಕಾರನ ಪಟ್ಟಿಗೆ ಸೇರಿಸಿದಂತೆ. 1960ರ ದಶಕದಲ್ಲಿ ಅಮೆರಿಕದ ಪೀಟರ್ ವಾನ್ ಸೂಸ್ಟ್ ಮಾರ್ಜಕಗಳನ್ನು ಬಳಸಿ ಇದನ್ನು ಸರಿಪಡಿಸಿದರು. ಮೇವಿನ ಪುಡಿಯನ್ನು ತಟಸ್ಥ ಮಾರ್ಜಕದಲ್ಲಿ ಒಂದು ಗಂಟೆ ಕುದಿಸಿದರೆ ಕೋಶದೊಳಗಿನ ಪ್ರೋಟೀನು, ಸಕ್ಕರೆಗಳು ಕರಗಿ ಕೋಶಭಿತ್ತಿ ಮಾತ್ರ ಉಳಿಯುತ್ತದೆ. ಆಮ್ಲ ಬೆರೆತ ಮಾರ್ಜಕದಲ್ಲಿ ಕುದಿಸಿದರೆ ಹೆಮಿಸೆಲ್ಯುಲೋಸ್ ಕೂಡ ಹೊರಟು, ಸೆಲ್ಯುಲೋಸ್ ಮತ್ತು ಲಿಗ್ನಿನ್ ಉಳಿಯುತ್ತವೆ. ಕೊನೆಗೆ ಶೇಕಡ 72ರ ಗಂಧಕಾಮ್ಲ ಸೆಲ್ಯುಲೋಸನ್ನೂ ಕರಗಿಸಿ ಲಿಗ್ನಿನ್ನನ್ನು ಒಂಟಿಯಾಗಿ ನಿಲ್ಲಿಸುತ್ತದೆ. ತಟಸ್ಥ ಮಾರ್ಜಕದಲ್ಲಿರುವ ಮುಖ್ಯ ವಸ್ತು ಸೋಡಿಯಂ ಲಾರಿಲ್ ಸಲ್ಫೇಟ್. ನಮ್ಮ ಟೂತ್‌ಪೇಸ್ಟ್, ಶಾಂಪೂಗಳಲ್ಲಿ ನೊರೆ ಬರಿಸುವುದೂ ಅದೇ. ಮೇವಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಈ ವಿಧಾನವೇ ಬಳಕೆಯಲ್ಲಿದೆ.

ಹಾಗಾದರೆ ಎಳೆಯದಿರುವಾಗಲೇ ಕೊಯ್ದರಾಯಿತಲ್ಲ?

ಇಷ್ಟು ಓದಿದ ವಿದ್ಯಾರ್ಥಿಗೆ ಈ ಪ್ರಶ್ನೆ ಏಳುವುದು ಸಹಜ. 28 ದಿನಕ್ಕೆ ಬದಲು 18 ದಿನಕ್ಕೊಮ್ಮೆ ಕೊಯ್ದರೆ ಪ್ರೋಟೀನು ಇನ್ನೂ ಹೆಚ್ಚು, ನಾರು ಇನ್ನೂ ಕಡಿಮೆ. ತಪ್ಪೇನು?

ಮೊದಲ ತೊಂದರೆ ದನದ ಕಡೆಯಿಂದಲೇ ಬರುತ್ತದೆ. ಬಹಳ ಎಳೆಯ, ನೀರು ತುಂಬಿದ ಎಲೆಗಳ ಕೋಶಗಳು ರೂಮೆನ್ನಿನಲ್ಲಿ ಬೇಗ ಒಡೆದು, ಕರಗುವ ಪ್ರೋಟೀನು ಒಮ್ಮೆಗೇ ಬಿಡುಗಡೆಯಾಗುತ್ತದೆ. ಅದು ಅನಿಲದೊಂದಿಗೆ ಸೇರಿ ಗಟ್ಟಿ ನೊರೆಯಾಗುತ್ತದೆ. ಸಾಮಾನ್ಯವಾಗಿ ತೇಗಿನಲ್ಲಿ ಹೊರಬರುವ ಅನಿಲ ನೊರೆಯಲ್ಲಿ ಸಿಕ್ಕಿಕೊಂಡು ಎಡಹೊಟ್ಟೆ ಉಬ್ಬುತ್ತದೆ. ಶ್ವಾಸಕೋಶ ಒತ್ತಿಹೋಗಿ ಕೆಲವೇ ಗಂಟೆಗಳಲ್ಲಿ ದನ ಸಾಯಬಹುದು. ಇದೇ ಹೊಟ್ಟೆಯುಬ್ಬರ. ಹೂ ಬಂದಂತೆ ಈ ಅಪಾಯ ತಗ್ಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಈ ಬೆಳೆಯ ಬಗ್ಗೆ ಬರೆಯುತ್ತ, ಮೊದಮೊದಲು ದನಗಳಿಗೆ ಸ್ವಲ್ಪ ಸ್ವಲ್ಪವೇ ಕೊಡಬೇಕು, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ ಎಂದು ಎಚ್ಚರಿಸಿದ್ದ. ಆತನ ಇನ್ನೊಂದು ಸಲಹೆ ಮುಂದಿನ ಮಾತಿಗೆ ನೇರ ಸಂಬಂಧಿಸಿದ್ದು: ಮೊದಲ ಕೊಯ್ಲನ್ನು ತಡವಾಗಿ ಮಾಡು, ಆಮೇಲೆ ಬೇಕಾದಷ್ಟು ಎಳೆಯದಾಗಿ ಕೊಯ್ಯಬಹುದು. ಇದರ ಮೊದಲರ್ಧ ಇಂದಿಗೂ ಸರಿ. ಎರಡನೆಯ ಅರ್ಧವನ್ನು ಒಪ್ಪುವುದು ಕಷ್ಟ. ಕಾರಣ ಬೇರು.

ಬೇರಿನ ಬ್ಯಾಂಕು

ಕುದುರೆ ಮಸಾಲೆಯನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ದಾಗ ಗಿಡ ತನ್ನ ಎಲೆಗಳನ್ನೆಲ್ಲ ಕಳೆದುಕೊಳ್ಳುತ್ತದೆ. ದ್ಯುತಿಸಂಶ್ಲೇಷಣೆ ನಿಂತಂತೆಯೇ. ಆದರೂ ಮೂರು-ನಾಲ್ಕು ದಿನಗಳಲ್ಲಿ ಬುಡದಿಂದ ಹೊಸ ಚಿಗುರು ಏಳುತ್ತದೆ. ಈ ಚಿಗುರಿಗೆ ಬಂಡವಾಳ ಎಲ್ಲಿಂದ ಬಂತು? ದಪ್ಪನಾದ ತಾಯಿಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ. 1990ರ ದಶಕದಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಸಂಶೋಧಕರು ಇನ್ನೂ ಒಂದು ಸಂಗತಿ ತೋರಿಸಿದರು: ಬೇರಿನಲ್ಲಿ ಪಿಷ್ಟದ ಜೊತೆಗೆ ಕೂಡಿಡುವುದಕ್ಕೆಂದೇ ಇರುವ ವಿಶೇಷ ಪ್ರೋಟೀನುಗಳೂ ಇವೆ, ಕೊಯ್ಲಿನ ನಂತರ ಅವು ಒಡೆದು ಚಿಗುರಿಗೆ ಸಾರಜನಕ ಒದಗಿಸುತ್ತವೆ.

ಕೊಯ್ಲಾದ ಮೇಲೆ ಸುಮಾರು ಎರಡು-ಮೂರು ವಾರ ಈ ಖಾತೆಯಿಂದ ಹಣ ತೆಗೆಯುವುದೇ ಆಗುತ್ತದೆ. ಹೊಸ ಎಲೆಗಳು ಸಾಕಷ್ಟು ಹರಡಿ, ತಮ್ಮ ಖರ್ಚು ತೀರಿಸಿ ಉಳಿತಾಯ ಮಾಡತೊಡಗಿದಾಗ ಖಾತೆಗೆ ಜಮಾ ಶುರುವಾಗುತ್ತದೆ. ಮೊಗ್ಗಿನ ಹಂತದಿಂದ ಹೂವಿನ ಹಂತದವರೆಗೆ ಅದು ಏರುತ್ತಲೇ ಹೋಗಿ, ಹೂ ತುಂಬಿದಾಗ ಬಹುತೇಕ ಭರ್ತಿಯಾಗುತ್ತದೆ. ಈಗ 18ನೇ ದಿನಕ್ಕೇ ಕೊಯ್ದರೆ ಏನಾಗುತ್ತದೆಂದು ಊಹಿಸಿ. ಜಮಾ ಆಗುವ ಮೊದಲೇ ಇನ್ನೊಂದು ಚೆಕ್ಕು. ಒಂದೆರಡು ಸಲ ಬ್ಯಾಂಕು ಸಹಿಸುತ್ತದೆ. ಆಮೇಲೆ ಚಿಗುರುಗಳ ಸಂಖ್ಯೆ ತಗ್ಗುತ್ತದೆ, ಬೇರು ಸಣಕಲಾಗುತ್ತದೆ, ದುರ್ಬಲ ಗಿಡಗಳು ಸಾಯುತ್ತವೆ, ಖಾಲಿ ಜಾಗದಲ್ಲಿ ಕರಿಕೆ, ಜೇಕು ಬಂದು ಕೂರುತ್ತವೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಎಲ್. ಎಫ್. ಗ್ರೇಬರ್ ಮತ್ತು ಸಂಗಡಿಗರು 1927ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದೇ. ರೈತರು ಚಳಿಗೆ, ರೋಗಕ್ಕೆ ಆರೋಪಿಸುತ್ತಿದ್ದ ಸಾವಿಗೆ ಅನೇಕ ಸಲ ಕುಡುಗೋಲೇ ಕಾರಣವೆಂಬುದು ಅಂಥ ಪ್ರಯೋಗಗಳಿಂದ ಸ್ಪಷ್ಟವಾಯಿತು.

ನಾಲ್ಕು ವರ್ಷ ಬಾಳಬೇಕಾದ ಬುಡ ಒಂದೂವರೆ ವರ್ಷಕ್ಕೇ ಮುಗಿದರೆ, ಹೆಚ್ಚಿನ ಪ್ರೋಟೀನಿನ ಲಾಭವೆಲ್ಲ ಮರುಬಿತ್ತನೆಯ ಖರ್ಚಿನಲ್ಲಿ ಹೋಗುತ್ತದೆ. ಒಂದೇ ಹಂಗಾಮಿಗೆ ಹಾಕುವ ಬೆಳೆಯಾದರೆ ಮಾತು ಬೇರೆ; ಬೇರನ್ನು ಮುಂದಿನ ವರ್ಷಕ್ಕೆ ಉಳಿಸಬೇಕಾದ ಅಗತ್ಯವಿಲ್ಲದ್ದರಿಂದ ಕೊನೆಯ ಒಂದೆರಡು ಕೊಯ್ಲನ್ನು ಎಳೆಯದಾಗಿಯೇ ಮಾಡಬಹುದು.

ಮೊದಲ ಕೊಯ್ಲಿಗೆ ಅವಸರ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಬೀಜದಿಂದ ಎದ್ದ ಗಿಡಕ್ಕೆ ಇನ್ನೂ ಖಾತೆಯೇ ತೆರೆದಿರುವುದಿಲ್ಲ.

ಹೀಗಾಗಿ ಮೊಗ್ಗು ಕಟ್ಟಿದ ಮೇಲೆ ನೂರರಲ್ಲಿ ಹತ್ತು ದಂಟುಗಳಿಗೆ ಹೂ ಬರುವುದರೊಳಗೆ ಕೊಯ್ಯಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ನಿಯಮ. ಹೆಚ್ಚು ಹಾಲಿನ ಎಮ್ಮೆಗೆ ಬೇಕಾದ ಮೇವಾದರೆ ಮೊಗ್ಗಿನ ಕಡೆಗೆ, ಬುಡ ಬಹಳ ಕಾಲ ಬಾಳಬೇಕೆಂದಿದ್ದರೆ ಹೂವಿನ ಕಡೆಗೆ ವಾಲಬಹುದು. ವರ್ಷದಲ್ಲಿ ಒಂದು ಕೊಯ್ಲನ್ನಾದರೂ ಹೂ ಚೆನ್ನಾಗಿ ಬಿಡುವವರೆಗೆ ಕಾಯ್ದರೆ ಬೇರು ಚೇತರಿಸಿಕೊಳ್ಳುತ್ತದೆ. ಆ ಸಲದ ದಪ್ಪ ದಂಟನ್ನು ಗಬ್ಬವಿಲ್ಲದ, ಹಾಲು ಬತ್ತಿದ ದನಗಳಿಗೆ ಕತ್ತರಿಸಿ ಹಾಕಬಹುದು.

ಕ್ಯಾಲೆಂಡರ್ ನಂಬಬೇಡಿ

'25-30 ದಿನಕ್ಕೊಮ್ಮೆ' ಎಂಬ ಮಾತನ್ನು ಮೇಲೆ ನಾನೂ ಬರೆದಿದ್ದೇನೆ. ಬೆಳೆಪುಸ್ತಕಗಳೆಲ್ಲ ಹಾಗೇ ಬರೆಯುತ್ತವೆ. ಆದರೆ ಗಿಡ ದಿನವನ್ನು ಎಣಿಸುವುದಿಲ್ಲ, ಶಾಖವನ್ನು ಎಣಿಸುತ್ತದೆ. ದಿನದ ಸರಾಸರಿ ಉಷ್ಣತೆಯಿಂದ 5 ಡಿಗ್ರಿ ಸೆಲ್ಸಿಯಸ್ ಕಳೆದು, ಉಳಿದದ್ದನ್ನು ದಿನದಿನವೂ ಕೂಡುತ್ತ ಹೋದರೆ 'ಶಾಖದಿನ' ಎಂಬ ಅಳತೆ ಬರುತ್ತದೆ. ಧಾರವಾಡದ ಡಿಸೆಂಬರಿನಲ್ಲಿ ಹಗಲು-ರಾತ್ರಿಯ ಸರಾಸರಿ 21 ಡಿಗ್ರಿ ಎಂದು ಹಿಡಿದರೆ ದಿನಕ್ಕೆ 16, ಮೂವತ್ತು ದಿನಕ್ಕೆ 480 ಆಯಿತು. ಏಪ್ರಿಲಿನಲ್ಲಿ ಸರಾಸರಿ 28 ಎಂದರೆ ದಿನಕ್ಕೆ 23; ಅದೇ 480ನ್ನು ಮುಟ್ಟಲು 21 ದಿನ ಸಾಕು. ಡಿಸೆಂಬರಿಗೆ ಸರಿಯಾದ ಮೂವತ್ತು ದಿನದ ಲೆಕ್ಕವನ್ನು ಏಪ್ರಿಲಿನಲ್ಲಿ ಹಿಡಿದವರ ಮೇವು ಒಂಬತ್ತು ದಿನ ಬಲಿತಿರುತ್ತದೆ.

ಬಿಸಿಲಿನ ಉಪದ್ರವ ಇಷ್ಟಕ್ಕೇ ನಿಲ್ಲುವುದಿಲ್ಲ. ಹೆಚ್ಚಿನ ಉಷ್ಣತೆಯಲ್ಲಿ ಲಿಗ್ನಿನ್ ಬೇಗ ಸೇರುತ್ತದೆ, ಗಿಡ ಗಿಡ್ಡದಿರುವಾಗಲೇ ಹೂ ಬಿಡುತ್ತದೆ, ಉಸಿರಾಟದಲ್ಲಿ ಸಕ್ಕರೆ ಹೆಚ್ಚು ಖರ್ಚಾಗುವುದರಿಂದ ಬೇರಿನ ಖಾತೆ ನಿಧಾನವಾಗಿ ತುಂಬುತ್ತದೆ. ಗುಣವನ್ನು ನೋಡಿದರೆ ಬೇಗ ಕೊಯ್ಯಬೇಕು, ಬೇರನ್ನು ನೋಡಿದರೆ ಕಾಯಬೇಕು. ಬೇಸಗೆಯ ಕೊಯ್ಲಿನಲ್ಲಿ ಎರಡನ್ನೂ ಪೂರ್ತಿ ಗಳಿಸುವ ದಿನ ಎಂಬುದೇ ಇಲ್ಲ. ನನ್ನನ್ನು ಕೇಳಿದರೆ ಬಹುವಾರ್ಷಿಕ ಬೆಳೆಯಲ್ಲಿ ಬೇಸಗೆಯಲ್ಲಿ ಬೇರಿನ ಪರ ವಹಿಸುವುದೇ ಲೇಸು. ಗುಣ ತಗ್ಗಿದ್ದನ್ನು ಸ್ವಲ್ಪ ಹಿಂಡಿ ಕೊಟ್ಟು ತುಂಬಬಹುದು, ಸತ್ತ ಬುಡವನ್ನು ಎಬ್ಬಿಸಲಾಗದು.

ಚಳಿಗಾಲದಲ್ಲಿ ಇನ್ನೊಂದು ತೊಡಕು. ಕುದುರೆ ಮಸಾಲೆ ದೀರ್ಘ ಹಗಲಿನ ಸಸ್ಯ; ಹಗಲು ಉದ್ದವಿದ್ದಾಗ ಬೇಗ ಹೂ ಬಿಡುತ್ತದೆ. ಧಾರವಾಡದ ಅಕ್ಷಾಂಶದಲ್ಲಿ ಜೂನಿನ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು 11 ಗಂಟೆಗಿಂತ ತುಸು ಹೆಚ್ಚು. ಡಿಸೆಂಬರ್-ಜನವರಿಯಲ್ಲಿ ಹೂ ತಡವಾಗುತ್ತದೆ. 'ಹತ್ತರಲ್ಲೊಂದು ಹೂ' ಬರಲೆಂದು ಕೂತರೆ ಕೆಳಗಿನ ಎಲೆ ಉದುರಿ ಹೋಗಿರುತ್ತದೆ. ಆಗ ನೋಡಬೇಕಾದ್ದು ಬುಡವನ್ನು. ಬಗ್ಗಿ ದಂಟುಗಳನ್ನು ಸರಿಸಿದರೆ ಮುಂದಿನ ಸುತ್ತಿನ ಹೊಸ ಚಿಗುರುಗಳು ಕಾಣುತ್ತವೆ. ಅವು ಒಂದೆರಡು ಅಂಗುಲ ಬೆಳೆದಿದ್ದರೆ ಬೇರು ಸಿದ್ಧವಾಗಿದೆ ಎಂದರ್ಥ. ಇನ್ನೂ ತಡಮಾಡಿದರೆ ಕುಡುಗೋಲು ಈ ಚಿಗುರುಗಳ ತಲೆಯನ್ನೂ ಕತ್ತರಿಸಿ ಮುಂದಿನ ಕೊಯ್ಲನ್ನು ಹಿಂದಕ್ಕೆ ತಳ್ಳುತ್ತದೆ.

ಲಿಗ್ನಿನ್ ಕಡಿಮೆ ಮಾಡಿ ಈ ಇಕ್ಕಟ್ಟನ್ನೇ ಸಡಿಲಿಸುವ ಪ್ರಯತ್ನವೂ ನಡೆದಿದೆ. ಲಿಗ್ನಿನ್ ತಯಾರಿಕೆಯ ಒಂದು ಕಿಣ್ವವನ್ನು ತಗ್ಗಿಸಿದ ಕುಲಾಂತರಿ ಆಲ್ಫಾಲ್ಫಾಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಒಂದು ವಾರಕ್ಕೂ ಹೆಚ್ಚು ತಡವಾಗಿ ಕೊಯ್ದರೂ ಗುಣ ಉಳಿಯುತ್ತದೆ ಎಂಬುದು ಅದರ ಆಕರ್ಷಣೆ. ನಮ್ಮ ದೇಶದ ಹೊಲಗಳಿಗೆ ಅದು ಬಂದಿಲ್ಲ.

ಹೊತ್ತು, ಜೋಡಿ ಮೇವು ಮತ್ತು ಜೋಳದ ಮಾತು

ದಿನದಂತೆ ಹೊತ್ತೂ ಮುಖ್ಯ. ಹಗಲೆಲ್ಲ ಎಲೆಯಲ್ಲಿ ಸಕ್ಕರೆ, ಪಿಷ್ಟ ಕೂಡಿ ರಾತ್ರಿ ಖರ್ಚಾಗುತ್ತದೆ. ಇಬ್ಬನಿಯೊಡನೆ ಬೆಳಿಗ್ಗೆ ಕೊಯ್ದ ಮೇವಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಹೊಟ್ಟೆಯುಬ್ಬರದ ಭಯವೂ ಇದೆ. ಸಂಜೆಯ ಮುಂಚೆ ಕೊಯ್ದು, ಕೆಲವು ತಾಸು ಬಾಡಿಸಿ ಹಾಕುವುದು ವಾಸಿ. ಅಮೆರಿಕದ ಐಡಾಹೋದಲ್ಲಿ ನಡೆದ ಪ್ರಯೋಗಗಳಲ್ಲಿ ಮಧ್ಯಾಹ್ನದ ನಂತರ ಕೊಯ್ದು ಒಣಗಿಸಿದ ಮೇವನ್ನೇ ದನ-ಕುರಿಗಳು ಹೆಚ್ಚು ಇಷ್ಟಪಟ್ಟವು. ಒಣಗಿಸಿ ಇಡುವವರು ಮಾತ್ರ ಒಂದು ವಿಷಯ ನೆನಪಿಡಬೇಕು: ದಂಟಿಗಿಂತ ಮೊದಲು ಎಲೆ ಒಣಗಿ ಗರಿಗರಿಯಾಗುತ್ತದೆ. ಸುಡುಬಿಸಿಲಿನಲ್ಲಿ ತಿರುವಿ ಹಾಕಿದರೆ ಪ್ರೋಟೀನು ನೆಲದ ಪಾಲು, ದಂಟು ನಿಮ್ಮ ಪಾಲು.

ಈ ಮೇವನ್ನು ಒಂಟಿಯಾಗಿ ಹೊಟ್ಟೆತುಂಬ ಹಾಕಬಾರದು. ಜೋಳದ ಕಣಿಕಿಯಲ್ಲಿ ಪ್ರೋಟೀನು ಶೇಕಡ 3-4 ಮಾತ್ರ. ರೂಮೆನ್ನಿನ ಸೂಕ್ಷ್ಮಜೀವಿಗಳು ಚುರುಕಾಗಿರಲು ಕನಿಷ್ಠ 7 ಬೇಕು. ಮೊಗ್ಗಿನ ಹಂತದ ಕುದುರೆ ಮಸಾಲೆಯಲ್ಲಿ ಅದರ ಮೂರುಪಟ್ಟು ಇದೆ. ಮೂರು ಪಾಲು ಕಣಿಕಿಗೆ ಒಂದು ಪಾಲು ಕುದುರೆ ಮಸಾಲೆ (ಎರಡೂ ಒಣ ಪದಾರ್ಥದ ಲೆಕ್ಕದಲ್ಲಿ) ಬೆರೆಸಿದರೆ ಎಷ್ಟಾಗುತ್ತದೆ ಎಂದು ತರಗತಿಯಲ್ಲಿ ಲೆಕ್ಕ ಮಾಡಿಸಿ ನೋಡಿ.

ಜೋಳದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 'ಎಳೆಯದೇ ಒಳ್ಳೆಯದು' ಎಂಬುದು ಎಲ್ಲ ಮೇವಿಗೂ ಸಲ್ಲುವ ಮಾತಲ್ಲ. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದರಲ್ಲಿ, ಧುರಿನ್ ಎಂಬ ವಸ್ತುವಿದ್ದು ದನದ ಹೊಟ್ಟೆಯಲ್ಲಿ ಹೈಡ್ರೊಜನ್ ಸಯನೈಡ್ ಆಗುತ್ತದೆ. ಎಳೆ ಜೋಳ ಮೇಯ್ದು ದನ ಸತ್ತ ಸುದ್ದಿಯನ್ನು ನಮ್ಮ ಭಾಗದಲ್ಲಿ ಕೇಳದವರು ಕಡಿಮೆ. ಜೋಳಕ್ಕೆ ಹೂವಿನವರೆಗೆ ಕಾಯಬೇಕು, ಕುದುರೆ ಮಸಾಲೆಗೆ ಹೂ ತುಂಬುವವರೆಗೆ ಕಾಯಬಾರದು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಇದಕ್ಕೆ ಬೇಕಾದ್ದು ಎರಡು ಚದರ ಮೀಟರು ಜಾಗ, ಹಳೆಯ ದಿನಪತ್ರಿಕೆ, ಗ್ರಾಂ ಅಳೆಯುವ ತಕ್ಕಡಿ. ಶಾಲೆಯ ಅಂಗಳದಲ್ಲಿ ಬೆಳೆಸಲಾಗದಿದ್ದರೆ ಹತ್ತಿರದ ರೈತರನ್ನು ಕೇಳಿದರೆ ದಂಟು ಕೊಟ್ಟಾರು. ಒಂದು ಕೊಯ್ಲಾದ 15ನೇ ದಿನದಿಂದ ಪ್ರಾರಂಭಿಸಿ ನಾಲ್ಕು ದಿನಕ್ಕೊಮ್ಮೆ, 40ನೇ ದಿನದವರೆಗೆ, ಆರಿಸದೆ ಕೈಗೆ ಸಿಕ್ಕ 50 ದಂಟುಗಳನ್ನು ಕತ್ತರಿಸಿ. ಪ್ರತಿ ಸಲ ಎತ್ತರ, ಮೊಗ್ಗಿರುವ ದಂಟು ಎಷ್ಟು, ಹೂವಿರುವುದು ಎಷ್ಟು ಎಂದು ಬರೆದಿಡಿ. ಎಲೆಗಳನ್ನು ಬಿಡಿಸಿ, ಎಲೆ-ದಂಟುಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ತೂಗಿ. ದಿನವನ್ನು ಅಡ್ಡಗೆರೆಯಲ್ಲೂ ತೂಕವನ್ನು ಲಂಬಗೆರೆಯಲ್ಲೂ ಇಟ್ಟು ಎರಡು ನಕ್ಷೆ ಎಳೆದರೆ, ಎಲೆಯ ಗೆರೆ ಎಲ್ಲಿ ಮಟ್ಟಸವಾಗುತ್ತದೆ, ದಂಟಿನ ಗೆರೆ ಎಲ್ಲಿ ಅದನ್ನು ದಾಟುತ್ತದೆ ಎಂಬುದು ಕಾಣುತ್ತದೆ. ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಮಾಡಿದರೆ ಎರಡು ಗೆರೆಗಳು ಕೂಡುವ ದಿನ ಎಷ್ಟು ಸರಿಯುತ್ತದೆಂದೂ ತಿಳಿಯುತ್ತದೆ.

ಬೇರಿನ ಬ್ಯಾಂಕನ್ನು ನೋಡಲು ಕುಂಡಗಳಲ್ಲಿ ಬೆಳೆಸಿದ ಗಿಡಗಳು ಬೇಕು. ಅರ್ಧ ಕುಂಡಗಳನ್ನು 15 ದಿನಕ್ಕೊಮ್ಮೆ, ಇನ್ನರ್ಧವನ್ನು 30 ದಿನಕ್ಕೊಮ್ಮೆ, ಎರಡು ತಿಂಗಳು ಕೊಯ್ಯುತ್ತ ಬನ್ನಿ. ಎರಡೂ ಗುಂಪಿನ ಕೊಯ್ಲು ಒಂದೇ ದಿನ ಬಂದಾಗ ಎಲ್ಲ ಕುಂಡಗಳ ಮೇಲೂ ಬೆಳಕು ತೂರದ ರಟ್ಟಿನ ಪೆಟ್ಟಿಗೆ ಮುಚ್ಚಿಡಿ. ಕತ್ತಲಲ್ಲಿ ಬರುವ ಬಿಳಿಹಳದಿ ಚಿಗುರಿಗೆ ಬೇರಿನ ಉಳಿತಾಯ ಬಿಟ್ಟು ಬೇರೆ ಆಹಾರವಿಲ್ಲ. ಚಿಗುರು ನಿಂತ ಮೇಲೆ ಕತ್ತರಿಸಿ, ಒಣಗಿಸಿ, ಎರಡು ಗುಂಪುಗಳನ್ನು ತೂಗಿ ಹೋಲಿಸಿ. ಬೇರುಗಳನ್ನು ತೊಳೆದು ಅಡ್ಡಕ್ಕೆ ಕತ್ತರಿಸಿ ಒಂದು ಹನಿ ಅಯೋಡಿನ್ ಹಾಕಬೇಕೆಂದಿದ್ದರೆ, ಅದಕ್ಕೆ ಎರಡೂ ಗುಂಪಿನಿಂದ ಒಂದೊಂದು ಕುಂಡವನ್ನು ಪೆಟ್ಟಿಗೆ ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ. ಕತ್ತಲಲ್ಲಿ ಚಿಗುರಿಸಿದ ಬೇರಿನಲ್ಲಿ ನೀಲಿ ಬಣ್ಣ ಬರಿಸುವಷ್ಟು ಪಿಷ್ಟ ಉಳಿದಿರುವುದಿಲ್ಲ.